ಅಪ್ಪನ ವಿಲ್ ಇದೆ, ಬ್ಯಾಂಕ್‌ನವರು ಪ್ರೊಬೇಟ್ ತನ್ನಿ ಅಂತಿದ್ದಾರೆ. ನಿಜವಾಗಲೂ ಬೇಕಾ?

ನೀಲಿಕೊಡೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ ದಾರಿ ಹೇಳಿ.

ಅಪ್ಪ ತೀರಿಕೊಂಡು ಐದು ತಿಂಗಳಾಯಿತು. ವರ್ಷದ ಕಾರ್ಯ ಮುಗಿಯುವ ತನಕ ಆಸ್ತಿ ಮಾತು ಎತ್ತಬೇಡಿ ಅಂತ ಅಮ್ಮ ಹೇಳಿದ್ದರು. ಆದರೆ ಅಮ್ಮನ ಔಷಧಿಗೆ ಬೇಕಾದ ದುಡ್ಡೂ ಅಪ್ಪನ ಹೆಸರಿನಲ್ಲೇ ಕೂತಿದೆ, ಏನು ಮಾಡೋದು.

ಇರುವುದು ಇಷ್ಟು. ಅಪ್ಪ ತಮ್ಮ ಸಂಬಳದಲ್ಲಿ ಕಟ್ಟಿಸಿದ ಮನೆ. ತಾತನ ಕಡೆಯಿಂದ ಪಾಲಿಗೆ ಬಂದ ಎರಡು ಎಕರೆ ಜಮೀನು. ಒಂದು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ₹11 ಲಕ್ಷ ಠೇವಣಿ, ನಾಮಿನಿ ಇಲ್ಲ. ಡಿಮ್ಯಾಟ್ ಖಾತೆಯಲ್ಲಿ ಷೇರು, ಇವತ್ತಿನ ಲೆಕ್ಕಕ್ಕೆ ₹18 ಲಕ್ಷ ಚಿಲ್ಲರೆ, ಅದಕ್ಕೂ ನಾಮಿನಿ ಇಲ್ಲ. ಎಲ್‌ಐಸಿ ಪಾಲಿಸಿ ಒಂದಕ್ಕೆ ಮಾತ್ರ ನನ್ನ ಹೆಸರು ಬರೆಸಿದ್ದಾರೆ.

ವಿಲ್ ಬಿಳಿ ಹಾಳೆಯಲ್ಲಿದೆ, ಅಪ್ಪನದೇ ಕೈಬರಹ, 2019ರದ್ದು. ರಿಜಿಸ್ಟರ್ ಮಾಡಿಸಿಲ್ಲ. ಅದರಲ್ಲಿ ಮನೆ ಅಮ್ಮನಿಗೆ ಅಂತ ಮಾತ್ರ ಇದೆ, ಬೇರೆ ಯಾವುದರ ಸುದ್ದಿಯೂ ಇಲ್ಲ. ಎಕ್ಸಿಕ್ಯೂಟರ್, ಅಂದರೆ ವಿಲ್ ಜಾರಿ ಮಾಡುವವರು ಅಂತ ಚಿಕ್ಕಪ್ಪನ ಹೆಸರು ಹಾಕಿದ್ದಾರೆ. ಇಬ್ಬರು ಸಾಕ್ಷಿ ಸಹಿ ಹಾಕಿದ್ದಾರೆ. ಅವರಲ್ಲಿ ಒಬ್ಬರು ಈಗಿಲ್ಲ, ಇನ್ನೊಬ್ಬರು ಅಪ್ಪನ ಜೊತೆ ಪಾಠ ಮಾಡುತ್ತಿದ್ದ ಮೇಷ್ಟ್ರು, 78 ವರ್ಷ.

ಮನೆಯಲ್ಲಿ ಅಮ್ಮ, ನಾನು, ಅಜ್ಜಿ ಇದ್ದೇವೆ. ಅಜ್ಜಿ ಅಂದರೆ ಅಪ್ಪನ ಅಮ್ಮ. ಅಣ್ಣ 2021ರಲ್ಲಿ ಹೋದ. ಅತ್ತಿಗೆ ಮತ್ತು ಅವನ ಮಗ ಇದ್ದಾರೆ, ಮಗುವಿಗೆ 12. ನಮ್ಮ ನಮ್ಮಲ್ಲಿ ಜಗಳ ಇಲ್ಲ.

ಬ್ಯಾಂಕ್‌ಗೆ ಹೋದರೆ ಪ್ರೊಬೇಟ್ ತನ್ನಿ ಅಂದರು, ವಿಲ್ ಅಸಲಿ ಅಂತ ಕೋರ್ಟ್ ಕೊಡುವ ಕಾಗದವಂತೆ. ವಕೀಲರ ಹತ್ತಿರ ಹೋದರೆ ಎಲ್ಲಾ ನಾನು ಮಾಡಿಸಿಕೊಡ್ತೀನಿ, ಬಂದದ್ದರಲ್ಲಿ ನೂರಕ್ಕೆ ಐದು ನನಗೆ ಕೊಡಿ ಅಂದರು. ತಲೆ ತಿರುಗಿ ಮನೆಗೆ ಬಂದೆ.

ಹಳೇಲೆಡ್ಜರ್

ತಂದೆಯವರ ವಿಷಯ ಓದಿ ಬೇಸರವಾಯಿತು ಮೇಡಂ. ನಾನು ಬಹಳ ವರ್ಷ ಬ್ಯಾಂಕ್ ಕೌಂಟರಿನ ಆ ಕಡೆ ಕೂತವನು, ನಿವೃತ್ತಿ ಆಗಿದೆ. ಮ್ಯಾನೇಜರ್ ಯಾಕೆ ಹಾಗಂದರು ಅಂತ ಊಹಿಸಬಲ್ಲೆ. ನೀವು ಹೋದ ತಕ್ಷಣ "ಅಪ್ಪ ವಿಲ್ ಬರೆದಿದ್ದಾರೆ" ಅಂದಿರಿ, ಅಲ್ವಾ? ವಿಲ್ ಅನ್ನೋ ಮಾತು ಕಿವಿಗೆ ಬಿದ್ದರೆ ಸಾಕು, ಕೋರ್ಟಿಗೆ ಹೋಗಿ ಅಂತ ಕಳಿಸಿಬಿಟ್ಟರೆ ಅವರ ತಲೆನೋವು ಮುಗೀತು. ನಿಮ್ಮ ವಿಲ್‌ನಲ್ಲಿ ಠೇವಣಿಯ ಮಾತೇ ಇಲ್ಲ. ಅಂದಮೇಲೆ ಆ ₹11 ಲಕ್ಷದ ಮಟ್ಟಿಗೆ ನಿಮ್ಮ ತಂದೆ ವಿಲ್ ಇಲ್ಲದೆ ತೀರಿಕೊಂಡ ಹಾಗೇ ಲೆಕ್ಕ.

2025ರ ಸೆಪ್ಟೆಂಬರ್‌ನಲ್ಲಿ ಆರ್‌ಬಿಐ ಇದಕ್ಕೆಂದೇ ನಿರ್ದೇಶನ ಹೊರಡಿಸಿದೆ. 2026ರ ಮಾರ್ಚ್ 31ರೊಳಗೆ ಎಲ್ಲಾ ಬ್ಯಾಂಕುಗಳೂ ಜಾರಿಗೆ ತರಬೇಕು ಅಂತ ಗಡುವು ಕೊಟ್ಟರು. ನಾಮಿನಿ ಇಲ್ಲದಿದ್ದರೂ, ತಕರಾರು ಇಲ್ಲದಿದ್ದರೆ, ವಾಣಿಜ್ಯ ಬ್ಯಾಂಕಿನಲ್ಲಿ ₹15 ಲಕ್ಷದವರೆಗೆ, ಸಹಕಾರಿ ಬ್ಯಾಂಕಿನಲ್ಲಿ ₹5 ಲಕ್ಷದವರೆಗೆ ಕೋರ್ಟಿನ ಕಾಗದ ಕೇಳದೆ ಕೊಡಬೇಕು. ಕ್ಲೈಮ್ ಅರ್ಜಿ, ಮರಣ ಪ್ರಮಾಣಪತ್ರ, ವಾರಸುದಾರರು ಯಾರು ಅನ್ನೋದಕ್ಕೆ ದಾಖಲೆ, ನಾಳೆ ಯಾರಾದರೂ ಬಂದರೆ ನಷ್ಟ ತುಂಬಿಕೊಡ್ತೀವಿ ಅಂತ ಬಾಂಡ್, ಹಣ ತೆಗೆದುಕೊಳ್ಳದ ವಾರಸುದಾರರ ಒಪ್ಪಿಗೆ ಪತ್ರ, ಇಷ್ಟೇ. ಎಲ್ಲಾ ಕಾಗದ ಕೊಟ್ಟ ಮೇಲೆ 15 ದಿನ. ಬ್ಯಾಂಕಿನ ಕಡೆಯಿಂದ ತಡವಾದರೆ ಅವರೇ ಬಡ್ಡಿ ಲೆಕ್ಕದಲ್ಲಿ ಪರಿಹಾರ ಕೊಡಬೇಕು.

ಬಾಯಿಮಾತಲ್ಲಿ ಕೇಳಬೇಡಿ. ಅರ್ಜಿ ಬರೆದುಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಸೀಲ್ ಬಿದ್ದ ಕಾಗದಕ್ಕೆ ಇರೋ ಬೆಲೆ ನಮ್ಮ ಕಣ್ಣೀರಿಗೆ ಇಲ್ಲ, ನನ್ನ ಅನುಭವದ ಮಾತು.

ಕಟ್ಟೆಪುರಾಣ

ನೂರಕ್ಕೆ ಐದು! ಪುರೋಹಿತರು ಕೂಡ ಅಷ್ಟು ಕೇಳಲ್ಲ.

ಕರಿಕೋಟು

ನಾನು ಜಿಲ್ಲಾ ಕೋರ್ಟಿನಲ್ಲಿ ವಕೀಲಿ ಮಾಡುತ್ತೇನೆ. ಆ ನೂರಕ್ಕೆ ಐದರ ವಿಷಯ ಮೊದಲು ಹೇಳಿಬಿಡ್ತೀನಿ. ಕೇಸಿನಲ್ಲಿ ಬಂದದ್ದರಲ್ಲಿ ಪಾಲು ಕೇಳುವುದಕ್ಕೆ ಬಾರ್ ಕೌನ್ಸಿಲ್ ನಿಯಮದಲ್ಲಿ ಅವಕಾಶವೇ ಇಲ್ಲ. ಫೀಸು ಕೇಳಲಿ, ನಾವೂ ಹೊಟ್ಟೆ ಹೊರೆಯಬೇಕು, ಆದರೆ ಅರ್ಜಿ ಹಾಕುವಾಗ ಇಷ್ಟು, ಸಾಕ್ಷಿ ಆದಮೇಲೆ ಇಷ್ಟು, ಆದೇಶ ಬಂದಮೇಲೆ ಇಷ್ಟು ಅಂತ ಮೊತ್ತವಾಗಿ ಕೇಳಬೇಕು. ನೀವೂ ಬರೆಸಿಕೊಳ್ಳಿ. ಕೋರ್ಟ್ ಶುಲ್ಕ, ಪೇಪರ್ ಪ್ರಕಟಣೆ ಖರ್ಚು ಬೇರೆ, ಅದು ಫೀಸಿನ ಒಳಗೋ ಹೊರಗೋ ಅಂತ ಮೊದಲ ದಿನವೇ ಕೇಳಿ. ಆಮೇಲೆ ಮನಸ್ತಾಪ ಆಗೋದು ಅಲ್ಲೇ.

ಇನ್ನು ನಿಮ್ಮ ವಿಷಯ. "ಅಪ್ಪನ ಆಸ್ತಿ" ಅಂತ ಒಂದೇ ಗಂಟು ಕಟ್ಟಿಕೊಂಡು ಬಂದಿದ್ದೀರಿ. ಅದನ್ನು ಬಿಚ್ಚಿ. ಮನೆಗೆ ವಿಲ್ ಇದೆ. ಠೇವಣಿಗೆ, ಷೇರಿಗೆ ವಿಲ್ ಇಲ್ಲ. ಜಮೀನಿನ ದಾರಿ ತಾಲೂಕು ಕಚೇರಿ ಕಡೆಗೆ. ಒಂದೊಂದಕ್ಕೂ ಬಾಗಿಲು ಬೇರೆ, ಎಲ್ಲಕ್ಕೂ ಪ್ರೊಬೇಟ್ ಅನ್ನೋ ಒಂದೇ ಬೀಗದ ಕೈ ಇಲ್ಲ.

ಪ್ರೊಬೇಟ್ ಅಂದರೆ ಈ ವಿಲ್ ಅಸಲಿ, ಇದನ್ನು ಜಾರಿ ಮಾಡಲು ಇವರಿಗೆ ಅಧಿಕಾರ ಇದೆ ಅಂತ ಕೋರ್ಟ್ ಮುದ್ರೆ ಹಾಕಿ ಕೊಡುವುದು. ವಿಲ್‌ನಲ್ಲಿ ಎಕ್ಸಿಕ್ಯೂಟರ್ ಅಂತ ಹೆಸರಿಸಿದವರಿಗೆ ಮಾತ್ರ ಸಿಗುತ್ತೆ. ನಿಮ್ಮಲ್ಲಿ ಅದು ಚಿಕ್ಕಪ್ಪ. ಅಮ್ಮ ಹೋಗಿ ಪ್ರೊಬೇಟ್ ಕೇಳುವ ಹಾಗಿಲ್ಲ. ಚಿಕ್ಕಪ್ಪ ನನ್ನಿಂದ ಆಗಲ್ಲ ಅಂದರೆ ಅಮ್ಮ ವಿಲ್ ಲಗತ್ತಿಸಿ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್, ಅಂದರೆ ಆಸ್ತಿ ನಿರ್ವಹಿಸಲು ಕೋರ್ಟ್ ಕೊಡುವ ಅಧಿಕಾರ ಪತ್ರ ಕೇಳಬಹುದು, ಪರಿಣಾಮ ಹೆಚ್ಚು ಕಡಿಮೆ ಒಂದೇ.

ಸಕ್ಸೆಷನ್ ಸರ್ಟಿಫಿಕೇಟ್, ಅಂದರೆ ತೀರಿಕೊಂಡವರ ಹಣ ಪಡೆಯಲು ವಾರಸುದಾರರಿಗೆ ಕೋರ್ಟ್ ಕೊಡುವ ಪತ್ರ, ಅದು ಬೇರೆ. ಅದು ಬ್ಯಾಂಕ್ ಹಣ, ಷೇರು, ಬರಬೇಕಾದ ಸಾಲ, ಇಂಥವುಕ್ಕೆ ಮಾತ್ರ. ಮನೆ, ಜಮೀನಿಗೆ ಅದು ನಡೆಯಲ್ಲ. ಎಷ್ಟೋ ಜನ ಅದನ್ನು ಕೈಯಲ್ಲಿ ಹಿಡಿದುಕೊಂಡು ಖಾತೆ ಬದಲಾಯಿಸಲು ಹೋಗಿ ವಾಪಸ್ ಬರುತ್ತಾರೆ.

ಸೂಜಿಮೊನೆ

ಪ್ರೊಬೇಟ್ ಕರ್ನಾಟಕದಲ್ಲಿ ಹಿಂದೂಗಳಿಗೆ ಕಡ್ಡಾಯವೇ ಅಲ್ಲ, ಯಾವತ್ತೂ ಇರಲಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೇ ಕಲಂ ಹಿಂದೂಗಳಿಗೆ ಕಡ್ಡಾಯ ಮಾಡಿದ್ದು ಮುಂಬೈ, ಚೆನ್ನೈ, ಕೋಲ್ಕತ್ತದಂಥ ಬ್ರಿಟಿಷರ ಹಳೇ ಹೈಕೋರ್ಟ್ ಊರುಗಳ ವಿಲ್‌ಗೆ, ಅಲ್ಲಿನ ಆಸ್ತಿಗೆ. ಅದನ್ನೂ 2025ರ ಕೊನೆಯಲ್ಲಿ ಸಂಸತ್ತು ತೆಗೆದುಹಾಕಿತು. ಆದ್ದರಿಂದ ಮೇಡಂ, ಸುಮ್ನೆ ಕೋರ್ಟ್ ಮೆಟ್ಟಿಲು ಹತ್ತಬೇಡಿ. ವಿಲ್ ತೋರಿಸಿ, ಎಲ್ಲರ ಒಪ್ಪಿಗೆ ಪತ್ರ ಕೊಟ್ಟು ಮನೆ ಖಾತೆ ಅಮ್ಮನ ಹೆಸರಿಗೆ ಮಾಡಿಸಿ, ಮುಗೀತು.

ಗುಬ್ಬಚ್ಚಿ

ಅಕ್ಕ, ನಮ್ಮ ಮನೇಲೂ ಇದೇ ಆಗಿತ್ತು, ನಾವು ಮಾಡಿದ ತಪ್ಪು ಹೇಳ್ತೀನಿ, ನೀವು ಮಾಡಬೇಡಿ. ಮಾವ ಹೋದ ಮೂರನೇ ದಿನ ಅವರ ಎಟಿಎಂ ಕಾರ್ಡಿನಲ್ಲಿ ನಮ್ಮವರು ದುಡ್ಡು ತೆಗೆದರು, ಆಸ್ಪತ್ರೆ ಬಿಲ್ ಕಟ್ಟಬೇಕಿತ್ತು. ಪಿನ್ ಗೊತ್ತಿತ್ತು, ತೆಗೆದರು, ಅದರಲ್ಲಿ ಕೆಟ್ಟ ಉದ್ದೇಶ ಏನೂ ಇರಲಿಲ್ಲ. ಎರಡು ವರ್ಷ ಆದಮೇಲೆ ನಾದಿನಿ ಮನೆಯವರು ಆ ಪಾಸ್‌ಬುಕ್ ಪುಟ ಹಿಡಿದುಕೊಂಡೇ ಜಗಳ ಶುರು ಮಾಡಿದ್ದು. ಬಿಲ್ ಎಲ್ಲಿಟ್ಟಿದ್ದೀವಿ ಅಂತ ಅಷ್ಟು ಹೊತ್ತಿಗೆ ಯಾರಿಗೂ ನೆನಪಿರಲಿಲ್ಲ.

ಒಂದು ಪುಸ್ತಕ ಮಾಡಿ ಅಕ್ಕ. ಬಂದದ್ದು ಹೋದದ್ದು ಬರೆಯಿರಿ. ಆಸ್ಪತ್ರೆ, ಅಂತ್ಯಕ್ರಿಯೆ ಖರ್ಚಿನ ರಸೀತಿ ಅದರಲ್ಲೇ ಅಂಟಿಸಿ. ಮರಣ ಪ್ರಮಾಣಪತ್ರ ಹತ್ತು ಪ್ರತಿ ತೆಗೆಸಿಡಿ, ಎಲ್ಲಾ ಕಡೆ ಅಸಲು ಕೇಳ್ತಾರೆ. ಅದರಲ್ಲಿ ಅಪ್ಪನ ಹೆಸರು, ಇನಿಷಿಯಲ್ ಆಧಾರ್‌ನಲ್ಲಿ, ಬ್ಯಾಂಕಿನಲ್ಲಿ, ಪಹಣಿಯಲ್ಲಿ ಒಂದೇ ಥರ ಇದೆಯಾ ಅಂತ ಈಗಲೇ ನೋಡಿ. ನಮ್ಮದು ಒಂದು ದೀರ್ಘ ತಪ್ಪಿದ್ದಕ್ಕೆ ಮೂರು ತಿಂಗಳು ಹೋಯಿತು.

ಕರಿಕೋಟು

ಗುಬ್ಬಚ್ಚಿಯವರು ಹೇಳಿದ್ದು ಕಾನೂನಿನಲ್ಲೂ ಇದೆ. ಆಸ್ತಿ ನೋಡಿಕೊಳ್ಳುವವರು ಮೊದಲು ತೀರಿಸಬೇಕಾದ್ದು ಅಂತ್ಯಕ್ರಿಯೆ ಮತ್ತು ಕೊನೆಗಾಲದ ಆಸ್ಪತ್ರೆ ಖರ್ಚು. ಆಮೇಲೆ ಕೋರ್ಟ್ ಖರ್ಚು. ಆಮೇಲೆ ಸಾಯುವ ಮುಂಚಿನ ಮೂರು ತಿಂಗಳೊಳಗೆ ಕೆಲಸ ಮಾಡಿದ ಆಳು, ಮನೆಕೆಲಸದವರ ಬಾಕಿ ಕೂಲಿ. ಉಳಿದ ಸಾಲ ಅದಾದ ಮೇಲೆ. ಪ್ರೊಬೇಟ್ ಪಡೆದವರು ಆರು ತಿಂಗಳೊಳಗೆ ಆಸ್ತಿ ಪಟ್ಟಿ, ಒಂದು ವರ್ಷದೊಳಗೆ ಲೆಕ್ಕ ಕೋರ್ಟಿಗೆ ಕೊಡಬೇಕು. ಚಿಕ್ಕಪ್ಪನಿಗೆ ಇದನ್ನು ಮುಂಚೆಯೇ ಹೇಳಿ. ಹೆಸರು ಬರೆದಿದ್ದಾರೆ ಅಂತ ಖುಷಿಯಾಗಿ ಒಪ್ಪಿಕೊಂಡು ಆಮೇಲೆ ಬೈದವರನ್ನು ನೋಡಿದ್ದೇನೆ.

ಸೂಜಿಮೊನೆಯವರಿಗೆ ಒಂದು ಮಾತು. ಕಡ್ಡಾಯ ಅಲ್ಲ ಅನ್ನೋದು ನಿಜ. ಆದರೆ ಕಡ್ಡಾಯ ಅಲ್ಲದ್ದೆಲ್ಲಾ ಬೇಡದ್ದು ಅಂತಲ್ಲ. ಈ ಕೇಸಿನಲ್ಲಿ ಎರಡು ವಿಷಯ ನನಗೆ ಕುಟುಕುತ್ತಿದೆ. ಒಂದು ಆ ಮೇಷ್ಟ್ರು, ಇನ್ನೊಂದು ಆ 12 ವರ್ಷದ ಹುಡುಗ. ರಾತ್ರಿ ಬಂದು ಬರೀತೀನಿ, ಈಗ ಕೋರ್ಟ್ ಹಾಲಿಗೆ ಹೋಗಬೇಕು.

ಕಡಲಾಚೆ

ನಾನು ಹೊರದೇಶದಲ್ಲಿರೋದು. ನಮ್ಮ ತಂದೆ ಹೋದಮೇಲೆ ತಮ್ಮನ ಹತ್ತಿರ ತಂದೆ ಬರೆದುಕೊಟ್ಟಿದ್ದ ಜಿಪಿಎ (ತಮ್ಮ ಪರವಾಗಿ ವ್ಯವಹಾರ ಮಾಡಲು ಕೊಡುವ ಅಧಿಕಾರ ಪತ್ರ) ಇತ್ತು, ಅದರಲ್ಲೇ ಸೈಟು ಮಾರೋಣ ಅಂತ ಹೊರಟಿದ್ದ. ಪುಣ್ಯಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿನ ಹೊರಗೆ ಕೂರುವ ಪತ್ರ ಬರಹಗಾರರೊಬ್ಬರು, ಬರೆದುಕೊಟ್ಟವರು ಹೋದರೆ ಜಿಪಿಎನೂ ಅವರ ಜೊತೆಗೇ ಹೋಯಿತು ಅಂದರು. ಇಲ್ಲದಿದ್ದರೆ ತಮ್ಮ ಜೈಲಿಗೆ ಹೋಗ್ತಿದ್ದನೋ ಏನೋ. ಯಾರಾದರೂ ನಿಮ್ಮ ಮನೆಯಲ್ಲಿ ಹಳೇ ಜಿಪಿಎ ಇಟ್ಟುಕೊಂಡಿದ್ದರೆ ಎತ್ತಿಡಿ.

ಆಮೇಲೆ ನನ್ನ ಪಾಲಿನ ಕೆಲಸಕ್ಕೆ ನಾನು ಹೊಸದಾಗಿ ಜಿಪಿಎ ಕಳಿಸಬೇಕಾಯಿತು. ಇಲ್ಲಿ ನೋಟರಿ ಮಾಡಿಸಿ, ಅಪೊಸ್ಟಿಲ್, ಅಂದರೆ ಹೊರದೇಶದ ಕಾಗದ ಅಸಲಿ ಅನ್ನೋ ಸರ್ಕಾರಿ ಮುದ್ರೆ ಹಾಕಿಸಿ ಕಳಿಸಿದೆ. ಊರಿಗೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಬೇಕು. ತಮ್ಮ ಬೀರುವಿನಲ್ಲಿಟ್ಟು ಮರೆತಿದ್ದ. ಮತ್ತೆ ಮೊದಲಿಂದ.

ನೀಲಿಕೊಡೆ

ಎಲ್ಲರಿಗೂ ಥ್ಯಾಂಕ್ಸ್. ಓದ್ತಾ ಓದ್ತಾ ಅರ್ಧ ಭಾರ ಇಳೀತು. ಠೇವಣಿಯಲ್ಲಿ ಯಾರಿಗೆ ಎಷ್ಟು ಅಂತ ಹೇಳ್ತೀರಾ? ಅಮ್ಮ, ನಾನು, ಅಣ್ಣನ ಮಗ, ಮೂರು ಪಾಲು ಅಂತ ನಾವು ಅಂದುಕೊಂಡಿದ್ದೇವೆ. ಎಲ್‌ಐಸಿ ನನಗೇ ಬರುತ್ತೆ ಅಂತ ಏಜೆಂಟ್ ಹೇಳಿದರು, ಅದೂ ಸರಿನಾ?

ಹಳೇಲೆಡ್ಜರ್

ಅಜ್ಜಿಯನ್ನು ಬಿಟ್ಟಿರಿ ಮೇಡಂ. ಎಲ್ಲರೂ ಬಿಡ್ತಾರೆ. ಬ್ಯಾಂಕಿಗೆ ಬರುವ ಹತ್ತು ಅರ್ಜಿಯಲ್ಲಿ ಐದಾರರಲ್ಲಿ ತೀರಿಕೊಂಡವರ ತಾಯಿಯ ಹೆಸರೇ ಇರ್ತಿರಲಿಲ್ಲ.

ಕರಿಕೋಟು

ಹೌದು, ಬಹಳ ಮಂದಿ ಎಡವುವ ಜಾಗ ಅದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ತೀರಿಕೊಂಡವರ ತಾಯಿ ಮೊದಲನೇ ವರ್ಗದ ವಾರಸುದಾರಳು, ಹೆಂಡತಿ ಮಕ್ಕಳ ಸಮ. ತಂದೆ ಬದುಕಿದ್ದಿದ್ದರೆ ಅವರು ಎರಡನೇ ವರ್ಗ, ತಾಯಿ ಮೊದಲನೇ ವರ್ಗ. ಹಾಗಾಗಿ ನಿಮ್ಮಲ್ಲಿ ನಾಲ್ಕು ಪಾಲು. ಅಮ್ಮನಿಗೆ ಕಾಲು, ನಿಮಗೆ ಕಾಲು, ಅಜ್ಜಿಗೆ ಕಾಲು. ಉಳಿದ ಕಾಲು ಅಣ್ಣನ ಕವಲಿಗೆ, ಅದರಲ್ಲಿ ಅತ್ತಿಗೆಗೆ ಅರ್ಧ, ಮಗನಿಗೆ ಅರ್ಧ. ₹11 ಲಕ್ಷದಲ್ಲಿ ಮೂವರಿಗೆ ₹2.75 ಲಕ್ಷ, ಅತ್ತಿಗೆ ಮತ್ತು ಮಗನಿಗೆ ತಲಾ ₹1,37,500. ಷೇರಿಗೂ ಇದೇ ಲೆಕ್ಕ.

ಅಜ್ಜಿ ತಮ್ಮ ಪಾಲು ಬೇಡ ಅಂದರೆ ಅವರಿಷ್ಟ. ಆದರೆ ಅವರಿಗೆ ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಡಿ. ಅವರು ಹಾಗೇ ಇಟ್ಟುಕೊಂಡು ಮುಂದೆ ತೀರಿಕೊಂಡರೆ ಅವರ ಪಾಲು ಅವರ ಮಕ್ಕಳ ಕಡೆಗೆ ಹರಿಯುತ್ತೆ, ಅಂದರೆ ಚಿಕ್ಕಪ್ಪ, ಅತ್ತೆ ಇದ್ದರೆ ಅತ್ತೆ, ನಿಮ್ಮ ತಂದೆಯ ಲೆಕ್ಕದಲ್ಲಿ ನಿಮಗೂ. ಚಿಕ್ಕಪ್ಪನೇ ಎಕ್ಸಿಕ್ಯೂಟರ್ ಆಗಿರುವಾಗ ಈ ಎಳೆ ನೆನಪಿರಲಿ. ಅವರ ಮೇಲೆ ಅನುಮಾನ ಪಡಿ ಅಂತಲ್ಲ.

ಎಲ್‌ಐಸಿ ಹಣ ನಿಮ್ಮ ಕೈಗೆ ಬರುತ್ತೆ, ಅಷ್ಟು ಸರಿ. ನಿಮ್ಮದೇನಾ ಅನ್ನೋದು ಬೇರೆ ಪ್ರಶ್ನೆ. ನಾಮಿನಿ ಅಂದರೆ ಹಣ ಇಸಿದುಕೊಳ್ಳುವವರು ಮಾತ್ರ, ವಾರಸುದಾರರ ಹಕ್ಕು ಹೋಗಲ್ಲ ಅಂತ ಸುಪ್ರೀಂ ಕೋರ್ಟ್ 1983ರಲ್ಲೇ ಹೇಳಿತು. 2015ರಲ್ಲಿ ವಿಮಾ ಕಾಯ್ದೆ ತಿದ್ದಿ, ತಂದೆತಾಯಿ, ಗಂಡಹೆಂಡತಿ, ಮಕ್ಕಳು ನಾಮಿನಿ ಆದರೆ ಹಣ ಅವರಿಗೇ ಸೇರುತ್ತೆ ಅನ್ನೋ ಥರ ಬರೆದರು. ಆದರೆ ನಮ್ಮ ಕರ್ನಾಟಕ ಹೈಕೋರ್ಟ್ 2025ರಲ್ಲಿ ಆ ತಿದ್ದುಪಡಿ ಉತ್ತರಾಧಿಕಾರ ಕಾನೂನನ್ನು ಮೀರುವುದಿಲ್ಲ, ವಾರಸುದಾರರು ಕೇಳಿದರೆ ಪಾಲು ಕೊಡಬೇಕು ಅಂದಿದೆ. ಷೇರಿನ ನಾಮಿನಿ ಕೂಡ ಒಡೆಯ ಆಗಲ್ಲ ಅಂತ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಹೇಳಿದೆ. ಜಗಳ ಇಲ್ಲ ಅಂತೀರಲ್ಲ, ಹಾಗಿದ್ದರೆ ಪಾಲಿಸಿ ಹಣವನ್ನೂ ಲೆಕ್ಕದ ಪುಸ್ತಕದಲ್ಲಿ ಬರೆದು ಎಲ್ಲರ ಮುಂದೆ ಇಡಿ.

ಕಟ್ಟೆಪುರಾಣ

ಜಗಳ ಇಲ್ಲದ ಮನೆಗೆ ಏಜೆಂಟೇ ಒಂದು ತಂದುಹಾಕಿದ ಹಾಗಾಯಿತು.

ಕರಿಕೋಟು

ಈಗ ಆ ಎರಡು ವಿಷಯ.

ವಿಲ್ ಸಾಬೀತು ಮಾಡಬೇಕಾದರೆ ಸಾಕ್ಷಿ ಹಾಕಿದವರಲ್ಲಿ ಕನಿಷ್ಠ ಒಬ್ಬರು ಕೋರ್ಟಿಗೆ ಬಂದು, ಇವರು ನನ್ನ ಎದುರಿಗೆ ಸಹಿ ಹಾಕಿದರು, ನಾನೂ ಹಾಕಿದೆ ಅಂತ ಹೇಳಬೇಕು. ವಿಲ್ ರಿಜಿಸ್ಟರ್ ಆಗಿದ್ದರೂ ಇದು ತಪ್ಪಲ್ಲ. ನಿಮ್ಮಲ್ಲಿ ಉಳಿದಿರುವುದು ಮೇಷ್ಟ್ರು ಒಬ್ಬರೇ, 78 ವರ್ಷ. ದೇವರು ಅವರನ್ನು ನೂರು ವರ್ಷ ಇಟ್ಟಿರಲಿ. ಆದರೆ ಅವರೂ ಇಲ್ಲವಾದರೆ ಸಾಕ್ಷಿಯ ಕೈಬರಹ ಗುರುತಿಸುವವರು, ನಿಮ್ಮ ತಂದೆಯ ಸಹಿ ಗುರುತಿಸುವವರು ಅಂತ ಹುಡುಕಬೇಕು. ಆಗಲ್ಲ ಅಂತಲ್ಲ, ದಾರಿ ಕಡಿದಾಗುತ್ತೆ.

ಹುಡುಗನ ವಿಷಯ. ವಿಲ್ ಇಲ್ಲದಿದ್ದರೆ ಮನೆಯಲ್ಲಿ ಅವನಿಗೂ ಎಂಟರಲ್ಲಿ ಒಂದು ಪಾಲು ಇರುತ್ತಿತ್ತು. ವಿಲ್‌ನಿಂದ ಅದು ಹೋಗುತ್ತೆ. ದೊಡ್ಡವರೆಲ್ಲಾ ಒಪ್ಪಿಗೆ ಪತ್ರ ಕೊಡಬಹುದು, ಹಕ್ಕು ಬಿಡುಗಡೆ ಪತ್ರವನ್ನು ರಿಜಿಸ್ಟರ್ ಮಾಡಿಸಿಕೊಡಬಹುದು. ಅವನು ಕೊಡಲಾರ. ಅವನ ಪರವಾಗಿ ಅತ್ತಿಗೆ ಸಹಿ ಹಾಕಿದರೂ ನಿಲ್ಲಲ್ಲ, ಅಪ್ರಾಪ್ತರ ಸ್ಥಿರಾಸ್ತಿ ಹಕ್ಕು ಬಿಡಲು ತಾಯಿಗೂ ಕೋರ್ಟಿನ ಅನುಮತಿ ಬೇಕು. ನೀವು ಈಗ ಸುಮ್ನೆ ಖಾತೆ ಬದಲಾಯಿಸಿಕೊಂಡರೆ, ಹುಡುಗ ದೊಡ್ಡವನಾದ ಮೇಲೆ ನಮ್ಮಪ್ಪನ ಪಾಲು ಎಲ್ಲಿ ಅಂತ ಕೇಳಬಹುದು. ಅಷ್ಟು ಹೊತ್ತಿಗೆ ಮೇಷ್ಟ್ರು ಎಲ್ಲಿ, ಅಸಲು ವಿಲ್ ಎಲ್ಲಿ.

ಪ್ರೊಬೇಟ್ ಕೇಸಿನಲ್ಲಿ ಅವನಿಗೂ ಪಾಲಕರ ಮೂಲಕ ನೋಟಿಸು ಹೋಗುತ್ತೆ, ಕೋರ್ಟ್ ನೋಡುತ್ತೆ, ಆಮೇಲೆ ಬಂದ ಆದೇಶ ಎಲ್ಲರನ್ನೂ ಕಟ್ಟುತ್ತೆ. ಅದಕ್ಕೇ ನಾನು ಹೇಳೋದು, ಈ ಒಂದು ಮನೆಯ ಮಟ್ಟಿಗೆ ಚಿಕ್ಕಪ್ಪ ಪ್ರೊಬೇಟ್‌ಗೆ ಹಾಕಲಿ. ಉಳಿದದ್ದಕ್ಕೆ ಬೇಡವೇ ಬೇಡ.

ಸೂಜಿಮೊನೆ

ಒಪ್ಪಲ್ಲ ಸಾರ್. ತಕರಾರು ಇಲ್ಲದ ಕಡೆ ಕೋರ್ಟಿಗೆ ಹೋಗಿ ಪೇಪರಿನಲ್ಲಿ ಪ್ರಕಟಣೆ ಕೊಟ್ಟರೆ, ಎಲ್ಲೋ ಇದ್ದ ದೂರದ ನೆಂಟ ಓದಿಕೊಂಡು ಬಂದು ತಕರಾರು ಹಾಕ್ತಾನೆ. ತಕರಾರು ಬಂತು ಅಂದರೆ ಅದು ಮಾಮೂಲಿ ದಾವೆ ಥರ ಆಗಿಬಿಡುತ್ತೆ, ವರ್ಷಗಟ್ಟಲೆ. ನಮ್ಮ ದೊಡ್ಡಪ್ಪನ ಮನೆಯಲ್ಲಿ ಆದದ್ದು ಇದೇ. ವಕೀಲರಿಗೇನು, ಬರಲಿ ಅಂತೀರಿ.

ಕರಿಕೋಟು

ತಕರಾರು ಬಂದರೆ ದಾವೆ ಆಗುತ್ತೆ ಅನ್ನೋದು ನಿಜ. ಆದರೆ ಯಾರು ಬೇಕಾದರೂ ಬಂದು ತಕರಾರು ಹಾಕಲು ಆಗಲ್ಲ. ವಿಲ್ ಇಲ್ಲದಿದ್ದರೆ ತನಗೆ ಏನಾದರೂ ಸಿಗುತ್ತಿತ್ತು ಅಂತ ತೋರಿಸಬೇಕು. ದೂರದ ನೆಂಟನಿಗೆ ಇಲ್ಲಿ ಏನೂ ಇಲ್ಲ. ಇಲ್ಲಿ ಹಾಗೆ ಹೇಳಬಲ್ಲವರು ಅಜ್ಜಿ, ಅತ್ತಿಗೆ, ಹುಡುಗ, ಈ ಮೇಡಂ ಮಾತ್ರ. ನಾಲ್ವರೂ ಒಂದೇ ಅಡುಗೆಮನೆಯಲ್ಲಿ ಊಟ ಮಾಡುತ್ತಿರುವಾಗ ಮಾಡಿ ಮುಗಿಸಿ ಅಂತಲೇ ನಾನು ಹೇಳೋದು. ವಕೀಲರ ಮೇಲಿನ ಕೊನೆ ಮಾತಿಗೆ ನಾನು ಉತ್ತರ ಕೊಡಲ್ಲ, ಅರ್ಧ ನಿಜ.

ಹಳೇಲೆಡ್ಜರ್

ಷೇರಿನ ಬಗ್ಗೆ ಯಾರೂ ಪೂರ್ತಿ ಹೇಳಲಿಲ್ಲ. ಡಿಮ್ಯಾಟ್‌ನಲ್ಲಿರುವ ಷೇರು ನಾಮಿನಿ ಇಲ್ಲದಿದ್ದರೂ ₹15 ಲಕ್ಷದವರೆಗೆ ಸರಳ ಕಾಗದಪತ್ರದಲ್ಲೇ ವರ್ಗಾವಣೆ ಮಾಡಬಹುದು ಅಂತ ಷೇರುಪೇಟೆ ನಿಯಂತ್ರಕ ಸೆಬಿ ಮಿತಿ ಇಟ್ಟಿದೆ. ಕಾಗದದ ಹಳೇ ಷೇರು ಪತ್ರಕ್ಕೆ ಮಿತಿ ₹5 ಲಕ್ಷ. ನಿಮ್ಮದು ₹18 ಲಕ್ಷ ಆದ್ದರಿಂದ ಅದಕ್ಕೆ ಮಾತ್ರ ಸಕ್ಸೆಷನ್ ಸರ್ಟಿಫಿಕೇಟ್ ಬೇಕಾಗಬಹುದು. ಕೋರ್ಟ್ ಶುಲ್ಕ ಮೊತ್ತದ ಮೇಲೆ ಹೋಗುತ್ತೆ, ಹಾಗಾಗಿ ಠೇವಣಿಯನ್ನು ಆ ಅರ್ಜಿಯೊಳಗೆ ಸೇರಿಸಬೇಡಿ, ಅದು ಬ್ಯಾಂಕಿನಲ್ಲೇ ಬಗೆಹರಿಯುತ್ತೆ.

ಅಪ್ಪ ಬೇರೆ ಬ್ಯಾಂಕಿನಲ್ಲಿ ಮರೆತುಬಿಟ್ಟದ್ದು ಏನಾದರೂ ಇದೆಯಾ ಅಂತಲೂ ನೋಡಿ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ಆರ್‌ಬಿಐ ನಿಧಿಗೆ ಹೋಗುತ್ತೆ, ಹೋದರೂ ವಾರಸುದಾರರು ಕೇಳಿ ಪಡೆಯಬಹುದು. ಉದ್ಗಮ್ ಅನ್ನೋ ಆರ್‌ಬಿಐ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿ. ಏಳು ವರ್ಷ ಡಿವಿಡೆಂಡ್ ಪಡೆಯದ ಷೇರು ಕೂಡ ಸರ್ಕಾರದ ಐಇಪಿಎಫ್ ನಿಧಿಗೆ ಹೋಗಿರುತ್ತೆ.

ತೆರಿಗೆ ಮರೆಯಬೇಡಿ. ತೀರಿಕೊಂಡ ದಿನದವರೆಗಿನ ಅಪ್ಪನ ಆದಾಯಕ್ಕೆ ವಾರಸುದಾರರೊಬ್ಬರು ಅವರ ಪರವಾಗಿ ರಿಟರ್ನ್ ಹಾಕಬೇಕು. ಬಂದ ಆಸ್ತಿಗೆ ತೆರಿಗೆ ಇಲ್ಲ, ತೀರಿಕೊಂಡವರ ಆಸ್ತಿ ಮೇಲೆ ಹಾಕುತ್ತಿದ್ದ ಎಸ್ಟೇಟ್ ಡ್ಯೂಟಿ 1985ರಲ್ಲೇ ಹೋಯಿತು.

ನೀಲಿಕೊಡೆ

ಇನ್ನೊಂದು. ಅಪ್ಪನಿಗೆ ಕೈಸಾಲ ಕೊಟ್ಟಿದ್ದೆ ಅಂತ ಒಬ್ಬರು ಮನೆಗೆ ಬಂದು ಅಮ್ಮನನ್ನು ಕೇಳುತ್ತಿದ್ದಾರೆ. ಚೀಟಿ ಇದೆಯಂತೆ, ತೋರಿಸಲಿಲ್ಲ. ಅಮ್ಮ ಬಳೆ ಮಾರಿ ಕೊಟ್ಟುಬಿಡೋಣ ಅಂತಿದ್ದಾರೆ. ಜಮೀನಿನ ಪಹಣಿ ಬದಲಾಯಿಸಲು ಹೋದರೆ ವಂಶವೃಕ್ಷ ಕೇಳಿದರು, ಅದು ಎಲ್ಲಿ ಸಿಗುತ್ತೆ?

ಗುಬ್ಬಚ್ಚಿ

ಅಯ್ಯೋ ಬಳೆ ಮುಟ್ಟಬೇಡಿ ಅಕ್ಕ!

ಕರಿಕೋಟು

ಅಮ್ಮನ ಬಳೆ ಅಮ್ಮನದು. ತೀರಿಕೊಂಡವರ ಸಾಲಕ್ಕೆ ಅವರು ಬಿಟ್ಟುಹೋದ ಆಸ್ತಿ ಹೊಣೆ, ವಾರಸುದಾರರ ಸ್ವಂತ ದುಡ್ಡು ಅಲ್ಲ. ಬಂದ ಆಸ್ತಿಯ ಬೆಲೆ ಮೀರಿ ಒಂದು ರೂಪಾಯಿಯೂ ಕೇಳುವ ಹಾಗಿಲ್ಲ. ಅಪ್ಪನ ಸಾಲ ಮಗನ ತಲೆಗೆ ಅನ್ನೋ ಹಳೇ ಧರ್ಮದ ಲೆಕ್ಕ 2005ರ ತಿದ್ದುಪಡಿಯ ನಂತರದ ಸಾಲಗಳಿಗೆ ನಡೆಯಲ್ಲ. ಅವರಿಗೆ ಮರ್ಯಾದೆಯಿಂದ ಹೇಳಿ, ಚೀಟಿಯ ನಕಲು ಕೊಡಿ, ನೋಡಿ ಹೇಳ್ತೀವಿ ಅಂತ. ಸಾಲ ನಿಜವಿದ್ದರೆ ಠೇವಣಿಯಿಂದ, ಎಲ್ಲರಿಗೂ ಹಂಚುವ ಮುಂಚೆ ಕೊಡಿ. ಹಂಚಿಕೊಂಡ ಮೇಲೆ ವಸೂಲಿ ಮಾಡೋದು ಎಲ್ಲರಿಗೂ ಕಷ್ಟ.

ವಂಶವೃಕ್ಷಕ್ಕೆ ನಾಡ ಕಚೇರಿಯಲ್ಲಿ ಅರ್ಜಿ ಹಾಕಿ. ಅಜ್ಜಿ, ಅತ್ತಿಗೆ, ಹುಡುಗ ಎಲ್ಲರ ಹೆಸರೂ ಇರಲಿ, ಒಂದು ಹೆಸರು ಬಿಟ್ಟರೂ ಮುಂದೆ ಅದೇ ಕಾಗದ ನಿಮಗೆ ಮುಳ್ಳಾಗುತ್ತೆ. ಆಮೇಲೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಜಾಗದಲ್ಲಿ ವಾರಸುದಾರರ ಹೆಸರು ಸೇರಿಸುವುದು. ಸದ್ಯಕ್ಕೆ ಎಲ್ಲರ ಹೆಸರಿನಲ್ಲಿ ಜಂಟಿಯಾಗಿ ಆಗಲಿ. ಆದರೆ ಪಹಣಿಯಲ್ಲಿ ಹೆಸರು ಬಂತು ಅಂದರೆ ಒಡೆತನ ತೀರ್ಮಾನ ಆಯಿತು ಅಂತಲ್ಲ, ಅದು ಕಂದಾಯದ ದಾಖಲೆ. ಜಮೀನು ತಾತನ ಕಡೆಯದ್ದು ಅಂದಿರಿ, ಅದಕ್ಕೆ ಪಾಲಿನ ಲೆಕ್ಕ ಮೇಲೆ ಹೇಳಿದ್ದೇ ಆಗಬೇಕಿಲ್ಲ. ಪಿತ್ರಾರ್ಜಿತ ಅಂತ ಆದರೆ ಮಗಳಾಗಿ ನಿಮಗೆ ಹುಟ್ಟಿನಿಂದಲೇ ಹಕ್ಕಿರುತ್ತೆ. ತಾತನ ಪಾಲುಪತ್ರ ಯಾರಾದರೂ ವಕೀಲರಿಗೆ ತೋರಿಸಿ, ಆ ನೂರಕ್ಕೆ ಐದರವರಿಗೆ ಬೇಡ.

ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತೆ, 1987ರ ಕಾಯ್ದೆಯಲ್ಲೇ ಇದೆ. ತಾಲೂಕು ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಸಮಿತಿ ಇರುತ್ತೆ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಬಿಟ್ಟಿ ವಕೀಲರು ಅಂದರೆ ಕೆಲಸಕ್ಕೆ ಬಾರದವರು ಅನ್ನೋ ಮಾತು ಬಿಡಿ, ನಾನೂ ಆ ಪಟ್ಟಿಯಲ್ಲಿದ್ದೆ.

ಕಟ್ಟೆಪುರಾಣ

ಕರಿಕೋಟು ಸಾರ್, ಇಷ್ಟೆಲ್ಲಾ ಬಿಟ್ಟಿ ಹೇಳಿದರೆ ನಿಮ್ಮ ಬಾರ್‌ನವರು ಬಿಡ್ತಾರಾ?

ಕರಿಕೋಟು

ಟೀ ಕುಡಿಸಿದರೆ ಬಿಡ್ತಾರೆ.

ನೀಲಿಕೊಡೆ

ನಾಲ್ಕು ತಿಂಗಳಾದ ಮೇಲೆ ಬಂದಿದ್ದೇನೆ, ಯಾರಿಗಾದರೂ ಉಪಯೋಗ ಆಗಲಿ ಅಂತ ಬರೀತಿದ್ದೇನೆ.

ಬ್ಯಾಂಕಿಗೆ ಲಿಖಿತ ಅರ್ಜಿ ಕೊಟ್ಟೆ. ಮೊದಲು ಸೀಲ್ ಹಾಕಲ್ಲ ಅಂದರು. ಸ್ಪೀಡ್ ಪೋಸ್ಟಲ್ಲಿ ಕಳಿಸ್ತೀನಿ ಅಂದಮೇಲೆ ಹಾಕಿದರು. ಎರಡು ಸಲ ಹೊಸ ಹೊಸ ಕಾಗದ ಕೇಳಿದರು, ಮೂರನೇ ಸಲ ಆರ್‌ಬಿಐ ನಿರ್ದೇಶನದ ಪ್ರತಿ ಮೇಜಿನ ಮೇಲೆ ಇಟ್ಟೆ. ಆಮೇಲೆ ಹನ್ನೆರಡು ದಿನಕ್ಕೆ ಹಣ ಬಂತು. ಕೈಸಾಲದವರು ಚೀಟಿ ತಂದರು, ನಿಜವೇ ಇತ್ತು, ಅಪ್ಪನ ಅಕ್ಷರ. ಹಂಚುವ ಮುಂಚೆ ಅವರಿಗೆ ಕೊಟ್ಟು ಚೀಟಿಯ ಹಿಂದೆ ರಸೀತಿ ಬರೆಸಿಕೊಂಡೆವು. ಹುಡುಗನ ಪಾಲು ಅವನ ಹೆಸರಿನಲ್ಲಿ ಠೇವಣಿ ಇಟ್ಟಿದ್ದೇವೆ. ಅಜ್ಜಿ ತನ್ನ ಪಾಲು ಬೇಡ ಅಂತಾರೆ ಅಂದುಕೊಂಡಿದ್ದೆವು. ಓದಿ ಹೇಳಿದಾಗ ಬೇಕು ಅಂದರು! ಯಾಕಜ್ಜಿ ಅಂದರೆ, ನನ್ನ ಮಗ ದುಡಿದದ್ದು ನನ್ನ ಹೆಸರಲ್ಲೂ ಸ್ವಲ್ಪ ಇರಲಿ ಅಂದರು. ಇರಲಿ.

ಷೇರಿನ ಅರ್ಜಿ ಕೋರ್ಟಿನಲ್ಲಿದೆ, ಪ್ರಕಟಣೆ ಆಗಿದೆ. ಕಾನೂನು ಸೇವಾ ಸಮಿತಿಯಿಂದ ಸಿಕ್ಕ ವಕೀಲರು, ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ಪೌತಿ ಖಾತೆ ಅರ್ಜಿ ಕೊಟ್ಟಿದ್ದೇವೆ, ಇನ್ನೂ ಓಡಾಟ ಇದೆ.

ಪ್ರೊಬೇಟ್‌ಗೆ ಚಿಕ್ಕಪ್ಪ ಹಾಕಿದರು. ಸೂಜಿಮೊನೆಯವರ ಮಾತೂ ತಲೆಯಲ್ಲಿತ್ತು, ಎರಡು ವಾರ ಯೋಚನೆ ಮಾಡಿದೆವು. ಕೊನೆಗೆ ಹಾಕಿಸಿದ್ದು ಅತ್ತಿಗೆ. ನಾಳೆ ನನ್ನ ಮಗ ಅಜ್ಜಿಯ ಮೇಲೆ ಕೇಸು ಹಾಕಿದ ಅನ್ನೋದು ಬೇಡ ಅಂದರು. ಹೋದ ವಾರ ಮೇಷ್ಟ್ರ ಸಾಕ್ಷಿ ಆಯಿತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹತ್ತು ಗಂಟೆಗೇ ಬಂದು ಕೂತಿದ್ದರು, ನಮ್ಮ ಸರದಿ ಬಂದದ್ದು ಮೂರೂವರೆಗೆ. ಸಹಿ ತೋರಿಸಿ ಇದು ಯಾರದು ಅಂತ ಕೇಳಿದಾಗ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಇದು ಅವನದು, ಪಕ್ಕದ್ದು ನನ್ನದು, ಪೆನ್ನೂ ನನ್ನದೇ, ಅವನು ವಾಪಸ್ ಕೊಡಲಿಲ್ಲ ಅಂದರು. ಆದೇಶ ಬರಬೇಕು.

ಸೂಜಿಮೊನೆ

ಮೇಷ್ಟ್ರಿಗೆ ನನ್ನ ನಮಸ್ಕಾರ ತಿಳಿಸಿ. ತಕರಾರು ಯಾರದ್ದೂ ಬರಲಿಲ್ಲ ತಾನೇ?

ನೀಲಿಕೊಡೆ

ಇಲ್ಲ. ಪೇಪರ್ ನೋಡಿ ಫೋನ್ ಮಾಡಿದ್ದು ಆ ನೂರಕ್ಕೆ ಐದು ಕೇಳಿದ ವಕೀಲರು ಒಬ್ಬರೇ.